ಬಾಗಿಲಮನೆಯ ಎಂಟು ಹಲ್ಲುಗಳು

1981ರಲ್ಲಿ ನಾನು ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹನ್ನೊಂದು ಜನರ ಒಂದು ಬಿಲ್ಡಿಂಗ್ ಮೇಂಟೆನೆನ್ಸ್ ಕಂಪನಿ ನಡೆಸುತ್ತಿದ್ದೆ. ನಡೆಸುತ್ತಿದ್ದೆ ಎನ್ನುವುದು ನನ್ನ ಮಾತು, ಕಾಗದದ ಮೇಲೆ ಕಂಪನಿ ನನ್ನದಲ್ಲ. ಲೈಸೆನ್ಸು ಅಬೂ ನಾಸರ್ ಎಂಬ ಕುವೈತಿಯ ಹೆಸರಿನಲ್ಲಿತ್ತು. ಅವರೇ ನಮ್ಮ ಕಫೀಲ್, ಅಂದರೆ ಜಾಮೀನುದಾರ. ನನ್ನ, ನನ್ನ ಹೆಂಡತಿ ಸುಮತಿಯ ಮತ್ತು ಇಬ್ಬರು ಮಕ್ಕಳ ಇಕಾಮಾ, ಎಂದರೆ ಆ ದೇಶದಲ್ಲಿ ಉಳಿಯುವ ಪರವಾನಗಿ, ಅವರ ಸಹಿ ಬಿದ್ದರೆ ಮಾತ್ರ ನವೀಕರಣವಾಗುತ್ತಿತ್ತು. ಆ ಸಲ ನಮ್ಮ ಇಕಾಮಾ ನವೆಂಬರ್ ಕೊನೆಗೆ ಮುಗಿಯುವುದಿತ್ತು.

ನಾನು ಕಾಪು ಕಡೆಯವನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಯಲ್ಲಿ ಸಿಮೆಂಟು ಹೊತ್ತೆ, ಅಲ್ಲಿಂದ 1972ರಲ್ಲಿ ಕುವೈತಿಗೆ ಬಂದೆ. ಇಂಜಿನಿಯರಿಂಗ್ ಓದಲಿಲ್ಲ, ಚೌಕಾಸಿ ಓದಿದೆ. ಶುವೈಖಿನ ಅಂಗಡಿಗಳಲ್ಲಿ ಒಂಬತ್ತು ವರ್ಷ ಮಾತು ಮಾರಿ ನಾನು ಕಲಿತ ದೊಡ್ಡ ಪಾಠ ಎಂದರೆ ‘ಖಲಾಸ್’ ಎಂಬ ಶಬ್ದ. ಮುಗಿಯಿತು, ತೀರ್ಮಾನವಾಯಿತು ಎಂದು ಅರ್ಥ. ಎದುರಿನವನ ಬಾಯಿಂದ ಖಲಾಸ್ ಬಂದ ಕೂಡಲೇ ಎದ್ದು ಕೈಕುಲುಕಿ ಹೊರಟುಬಿಡಬೇಕು. ಇನ್ನೊಂದು ನಿಮಿಷ ಕೂತರೆ ಅವನು ಮನಸ್ಸು ಬದಲಾಯಿಸುತ್ತಾನೆ. ಈ ಉಪದೇಶವನ್ನು ನಾನು ಕೇಳಿದವರಿಗೂ ಕೊಡುತ್ತಿದ್ದೆ, ಕೇಳದವರಿಗೂ ಕೊಡುತ್ತಿದ್ದೆ.

ಅಕ್ಟೋಬರ್ ಮೊದಲ ವಾರ ಅಬೂ ನಾಸರ್ ನನ್ನನ್ನು ಆಫೀಸಿಗೆ ಕರೆಸಿದರು. ಅವರ ತಂದೆಗೆ ಎಪ್ಪತ್ತು ದಾಟಿತ್ತು, ಎಲ್ಲರೂ ಅವರನ್ನು ಹಜ್ಜಿ ಎನ್ನುತ್ತಿದ್ದರು. ಆ ವರ್ಷ ಅವರು ಊರೊಳಗಿನ ಏರ್ ಕಂಡೀಷನ್ ಮನೆ ಬೇಡವೆಂದು, ಜಹ್ರಾದ ಕಡೆ ಇರುವ ತಮ್ಮ ಖರ್ಜೂರದ ತೋಟದಲ್ಲಿ ಚಳಿಗಾಲ ಕಳೆಯುತ್ತೇನೆ ಎಂದು ಹಟ ಹಿಡಿದಿದ್ದರು. ಅದೂ ತೋಟದ ಒಳಗಿನ ಬಂಗಲೆಯಲ್ಲಲ್ಲ, ದಾರಿಬದಿಯ ಹಳೆಯ ಬಾಗಿಲಮನೆಯಲ್ಲಿ. ಅದರ ದಕ್ಷಿಣದ ಕೋಣೆಯ ಮಾಡು, ಅಂದರೆ ಛಾವಣಿ, ಜೋತುಬಿದ್ದಿತ್ತು. ಮಳೆಗೆ ಮೊದಲು ಅದನ್ನು ಭದ್ರ ಮಾಡಬೇಕು, ತಂದೆಯನ್ನು ಒಪ್ಪಿಸಿಯೇ ಮಾಡಬೇಕು ಎಂದರು. ಕೊನೆಗೆ ನಗುತ್ತಲೇ ಒಂದು ಮಾತು ಸೇರಿಸಿದರು.

“ತಂದೆಗೆ ಸಮಾಧಾನವಾದರೆ ಇಕಾಮಾ. ಇಲ್ಲದಿದ್ದರೆ ಟಿಕೆಟ್.”

ಆ ನಗು ತಮಾಷೆಯದೋ ಅಲ್ಲವೋ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆವತ್ತಿನಿಂದ ಕೆಲಸ ಮುಗಿಯುವ ತನಕ ನಾನು ಒಂದು ಕಡೆ ಕಾಲು ಮಡಚಿ ಕೂತವನಲ್ಲ.

ಈಗ ಆ ಬಾಗಿಲಮನೆಯ ಕಟ್ಟಡದ ಬಗ್ಗೆ ಸ್ವಲ್ಪ ಹೇಳಬೇಕು. ಹೇಳದಿದ್ದರೆ ನನ್ನ ತಪ್ಪಿನ ಗಾತ್ರ ತಿಳಿಯುವುದಿಲ್ಲ. ಅದನ್ನು ಕಟ್ಟಿಸಿದ್ದು ಹಜ್ಜಿಯ ತಂದೆ. ಎಣ್ಣೆಗೆ ಮುಂಚಿನ ಕಾಲದಲ್ಲಿ ಮರುಭೂಮಿಯಿಂದ ಒಂಟೆ ಹೊಡೆದುಕೊಂಡು ಬರುವವರು ತೋಟದ ಬಾಗಿಲಲ್ಲಿ ತಂಗಿ, ಉಂಡು, ಮಲಗಿ ಮುಂದೆ ಹೋಗಲಿ ಎಂದು ಕಟ್ಟಿಸಿದ್ದು. ನಡುವೆ ತೋಟದೊಳಗೆ ಹೋಗುವ ಓಣಿ, ಅದರ ಎಡಬಲಕ್ಕೆ ಒಂದೊಂದು ಕೋಣೆ, ಮುಂದೆ ಉದ್ದಕ್ಕೂ ಜಗಲಿ. ಹಸಿ ಇಟ್ಟಿಗೆಯ ಗೋಡೆ, ದಪ್ಪ ಅರವತ್ತೈದು ಸೆಂಟಿಮೀಟರ್. ಜಗಲಿಯ ಕಂಬಗಳೂ ಬಾಗಿಲೂ ಸಾಗುವಾನಿ, ಅವು ನಮ್ಮ ಕರಾವಳಿಯಿಂದ ಹಾಯಿಹಡಗಿನಲ್ಲಿ ಹೋದದ್ದು. ಮಾಡು ಚಪ್ಪಟೆ. ಅದಕ್ಕೆ ಹಾಕಿದ್ದು ಚಂದಲ್ ಎಂಬ ಗಳು. ನಮ್ಮ ಹೊಳೆಬದಿಯ ಕಾಂಡ್ಲಾ ಜಾತಿಯ ಮರವೇ, ಆದರೆ ಆಫ್ರಿಕಾದ ತೀರದಿಂದ ಬಂದದ್ದು, ಕೈಯ ತೋಳಿನಷ್ಟು ದಪ್ಪ, ನೇರ. ಗಳುಗಳ ಮೇಲೆ ಬಿದಿರಿನ ದಬ್ಬೆ, ಅದರ ಮೇಲೆ ಜೊಂಡಿನ ಚಾಪೆ, ಚಾಪೆಯ ಮೇಲೆ ಒಂದು ಗೇಣು ಹುಲ್ಲು ಕಲಸಿದ ಮಣ್ಣು.

ಆ ಗಳುಗಳಲ್ಲಿ ಒಂದು ಲೆಕ್ಕ ಉಂಟು. ಪ್ರತಿಯೊಂದೂ ಮೂರು ಮೀಟರ್ ಮೂವತ್ತು. ಕೋಣೆಯ ಅಗಲ ಎರಡು ಎಪ್ಪತ್ತು. ಎರಡು ಬದಿಯ ಗೋಡೆಯೊಳಗೆ ಗಳು ಮೂವತ್ತು ಮೂವತ್ತು ಸೆಂಟಿಮೀಟರ್ ಹೊಕ್ಕು ಕೂರಬೇಕು, ಅದಕ್ಕೇ ಕೋಣೆ ಅಷ್ಟು ಅಗಲ. ಮನೆಗೆ ತಕ್ಕ ಮರ ತರುವುದು ನಮ್ಮ ಪದ್ಧತಿ, ಮರಕ್ಕೆ ತಕ್ಕ ಮನೆ ಕಟ್ಟುವುದು ಅವರದು. ಮರವೇ ಬೆಳೆಯದ ನಾಡಿನಲ್ಲಿ ಗಳುವನ್ನು ಯಾರೂ ಕತ್ತರಿಸುತ್ತಿರಲಿಲ್ಲ. ಜಗಲಿಯ ಅಗಲ ಎರಡೇ ಮೀಟರ್, ಆದರೂ ಅಲ್ಲಿಗೂ ಇಡೀ ಗಳುವನ್ನೇ ಹಾಕಿ, ಉಳಿದ ಭಾಗವನ್ನು ಮುಂದಕ್ಕೆ ಚಾಚಲು ಬಿಟ್ಟಿದ್ದರು. ಹೀಗೆ ಮುಖದ ಉದ್ದಕ್ಕೂ ನಲವತ್ತು ಗಳುಗಳ ತುದಿ, ಎರಡೆರಡು ಮೊಳದಷ್ಟು, ಹಲ್ಲಿನ ಸಾಲಿನಂತೆ ಹೊರಗೆ ಕಾಣುತ್ತಿತ್ತು. ದಾರಿಹೋಕರು ತಮ್ಮ ತೊಗಲಿನ ನೀರಚೀಲಗಳನ್ನು ಅದಕ್ಕೆ ತೂಗುಹಾಕುತ್ತಿದ್ದರಂತೆ. ಗಾಳಿಗೆ ನೀರು ತಣ್ಣಗಾಗುತ್ತಿತ್ತು.

ಆವಾಗ ನನಗೆ ಇದೊಂದೂ ಕಾಣಲಿಲ್ಲ. ಕಂಡದ್ದು ಮಣ್ಣಿನ ಗೋಡೆ, ಗೆದ್ದಲು ಹಿಡಿದ ದಬ್ಬೆ, ಹತ್ತು ದಿನದಲ್ಲಿ ಮುಗಿಸಬಹುದಾದ ಒಂದು ಕಾಂಕ್ರೀಟ್ ಸ್ಲ್ಯಾಬ್.

ಮೂರು ದಿನ ಸಂಜೆ ನಾನು ಹಜ್ಜಿಯ ಎದುರು ಜಗಲಿಯಲ್ಲಿ ಕೂತು ಸ್ಲ್ಯಾಬಿನ ಪರವಾಗಿ ಮಾತಾಡಿದೆ. ಅವರಿಗೆ ಹಡಗಿನ ಕಾಲದ ಮುಂಬಯಿ ಹಿಂದಿ ಬರುತ್ತಿತ್ತು, ನನಗೆ ಬಜಾರಿನ ಅರಬ್ಬಿ, ಎರಡೂ ಸೇರಿ ಮಾತು ನಡೆಯುತ್ತಿತ್ತು. ನಾನು ಕಬ್ಬಿಣದ ಸರಳಿನ ಬಗ್ಗೆ ಹೇಳಿದರೆ ಅವರು ಹದಿನಾರನೇ ವಯಸ್ಸಿನಲ್ಲಿ ತಂದೆಯ ಹಡಗಿನಲ್ಲಿ ಮಂಗಳೂರಿಗೆ ಬಂದ ಕಥೆ ಹೇಳುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದೇ ‘ಯಾ ಮಂಜಲೂರಿ’, ಓ ಮಂಗಳೂರಿನವನೇ, ಎಂದು. ತೋಟ ನೋಡಿಕೊಳ್ಳುವ ಬಲೂಚಿ, ಮುರಾದ್ ಭಾಯಿ, ಹೂಜಿ ಹಿಡಿದು ಏಲಕ್ಕಿ ಕಾಫಿ ಬಗ್ಗಿಸುತ್ತಿದ್ದ. ಅಲ್ಲಿ ಹಿಡಿ ಇಲ್ಲದ ಪುಟ್ಟ ಬಟ್ಟಲಿನಲ್ಲಿ ಕಾಫಿ ಕುಡಿಯುವುದು. ಬಟ್ಟಲನ್ನು ಬೆರಳಲ್ಲಿ ಅಲ್ಲಾಡಿಸಿ ತೋರಿಸುವ ತನಕ ಬಗ್ಗಿಸುತ್ತಲೇ ಇರುತ್ತಾರೆ.

ಮೂರನೆಯ ಸಂಜೆ ನಾನು ಕೊನೆಯ ಬಾಣ ಬಿಟ್ಟೆ. ಹತ್ತು ದಿನ, ಮೇಲೆ ಸುಣ್ಣ ನಾನೇ ಹೊಡೆಸಿಕೊಡುತ್ತೇನೆ, ಮೂವತ್ತು ವರ್ಷ ಈ ಮಾಡಿನತ್ತ ತಲೆ ಎತ್ತಿ ನೋಡಬೇಕಾಗಿಲ್ಲ ಎಂದೆ. ಮುದುಕರು ಬಹಳ ಹೊತ್ತು ದಾರಿಯ ಕಡೆ ನೋಡಿದರು. ಆಮೇಲೆ ಕೈ ಎತ್ತಿ “ಖಲಾಸ್” ಎಂದರು.

ನಾನು ಎದ್ದೆ, ಕೈ ಚಾಚಿದೆ. ಅವರೂ ಕೈ ಕೊಟ್ಟರು. ನಾನು ಓಡಿದೆ.

ಮಾರನೆಯ ಬೆಳಿಗ್ಗೆ ಏಳಕ್ಕೆ ಹುಡುಗರನ್ನು ಲಾರಿಯಲ್ಲಿ ತುಂಬಿ ತೋಟಕ್ಕೆ ಬಂದೆ. ಹಜ್ಜಿ ಆವತ್ತು ಊರೊಳಗೆ ಡಾಕ್ಟರರ ಬಳಿ ಹೋಗಿದ್ದವರು ಎರಡು ದಿನ ಮಗನ ಮನೆಯಲ್ಲೇ ಉಳಿದರು. ನನ್ನ ಬಡಗಿ ವಾಸು ಆಚಾರಿ, ನನಗಿಂತ ಆರು ವರ್ಷ ದೊಡ್ಡವರು, ಮಾಡು ಹತ್ತುವ ಮೊದಲು ಗಳುವಿನ ತುದಿ ತಟ್ಟಿ ನೋಡಿ, “ಕಾಂಟ್ರಾಕ್ಟರ್ರೇ, ಇದು ಗಟ್ಟಿ ಉಂಟು. ಹಾಳಾದದ್ದು ದಬ್ಬೆ ಮಾತ್ರ. ಒಮ್ಮೆ ಕೇಳುವ ಅಲ್ಲವಾ?” ಎಂದರು. ಕೇಳಿ ಆಗಿದೆ, ಖಲಾಸ್ ಎಂದಿದ್ದಾರೆ ಎಂದೆ. ಮುರಾದ್ ಭಾಯಿಯನ್ನೂ ಸಾಕ್ಷಿಗೆ ಕರೆದೆ. ಹೌದು, ಖಲಾಸ್ ಎಂದದ್ದು ನಾನೂ ಕೇಳಿದ್ದೇನೆ ಎಂದು ಅವನು ತಲೆಯಾಡಿಸಿದ. ಅವನ ಸಾಕ್ಷಿಯಲ್ಲಿ ಒಂದಕ್ಷರ ಸುಳ್ಳಿಲ್ಲ.

ಸಂಜೆಯೊಳಗೆ ದಕ್ಷಿಣದ ಕೋಣೆಗೆ ಆಕಾಶವೇ ಮಾಡಾಯಿತು. ಹದಿನಾರು ಗಳು ಕೆಳಗಿಳಿದವು. ಆಡಿನ ಕೊಟ್ಟಿಗೆಗೆ ಬೇಕು ಎಂದು ಮುರಾದ್ ಕೇಳಿದ, ತೆಗೆದುಕೊ ಎಂದೆ. ಹಳೆ ಮರ ಸಾಗಿಸುವ ಲಾರಿಯ ಖರ್ಚು ಉಳಿಯಿತಲ್ಲ ಎಂದು ನನಗೂ ಖುಷಿ.

ಮೂರನೆಯ ದಿನ ಹಜ್ಜಿ ಬಂದರು. ಕಾರಿನಿಂದ ಇಳಿದು, ಕೋಲೂರಿಕೊಂಡು ಬಂದು, ಬಾಗಿಲಲ್ಲಿ ನಿಂತು ಮೇಲೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ನಾನು ಅದಕ್ಕೂ ಚೌಕಾಸಿ ಮಾಡುತ್ತಿದ್ದೆ. ನೀವೇ ಖಲಾಸ್ ಎಂದಿರಲ್ಲ ಹಜ್ಜಿ ಎಂದೆ.

“ನಾನು ಹೇಳಿದ್ದು ಕಾಫಿಗೆ,” ಎಂದರು.

ಕಣ್ಣೆದುರು ಆ ಸಂಜೆ ತಿರುಗಿ ಬಂತು. ಎತ್ತಿದ ಕೈ. ಆ ಕೈಯ ಬೆರಳ ನಡುವೆ ಬಟ್ಟಲು. ಬಟ್ಟಲು ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಹೂಜಿ ಬಗ್ಗಿಸಿಕೊಂಡು ನಿಂತ ಮುರಾದ್. ಒಂಬತ್ತು ವರ್ಷ ಆ ದೇಶದಲ್ಲಿದ್ದು, ದಿನಕ್ಕೆ ನಾಲ್ಕು ಸಲ ನಾನೇ ಅಲ್ಲಾಡಿಸಿದ ಬಟ್ಟಲು. ಮತ್ತೆ ಕೈ ಯಾಕೆ ಕೊಟ್ಟಿರಿ ಎಂದು ಕೇಳಿದೆ.

“ಕೈ ಚಾಚಿದವನಿಗೆ ಕೊಡದೆ ಇರುವುದು ಹೇಗೆ? ಹೊರಟಿದ್ದೀಯಾ ಅಂದುಕೊಂಡೆ.” ಆಮೇಲೆ ಗೋಡೆಯ ಮೇಲೆ ಅಂಗೈ ಇಟ್ಟು ಹೇಳಿದರು, “ನಾನು ಎತ್ತಿಕೊಟ್ಟ ಮಣ್ಣು ಇದು, ಯಾ ಮಂಜಲೂರಿ. ಅಪ್ಪ ಮೇಲೆ ನಿಂತಿದ್ದರು. ಹೇಗಿತ್ತೋ ಹಾಗೆ ಮಾಡಿಕೊಡು. ಕೌಸ್ ಎದ್ದಿದೆ.”

ಕೌಸ್ ಎಂದರೆ ಆಗ್ನೇಯದ ತೇವದ ಗಾಳಿ. ಅದು ಎದ್ದರೆ ಹಿಂದೆಯೇ ಮಳೆ. ಹಸಿ ಇಟ್ಟಿಗೆಯ ಗೋಡೆಗೆ ಮಾಡೇ ಕೊಡೆ. ತಲೆ ತೆರೆದ ಗೋಡೆಯ ಮೇಲೆ ಒಂದು ಜೋರು ಮಳೆ ಬಿದ್ದರೆ ನೀರು ಒಳಗಿಳಿದು ಇಟ್ಟಿಗೆ ಮಣ್ಣಾಗುತ್ತದೆ. ಆಮೇಲೆ ಸ್ಲ್ಯಾಬೂ ಇಲ್ಲ, ಮನೆಯೂ ಇಲ್ಲ, ನನ್ನ ಇಕಾಮಾವೂ ಇಲ್ಲ.

ಆಡಿನ ಕೊಟ್ಟಿಗೆಗೆ ಓಡಿದೆ. ಎಂಟು ಗಳು ಇಡಿಯಾಗಿ ಬಿದ್ದಿದ್ದವು. ಇನ್ನೆಂಟನ್ನು ಮುರಾದ್ ಎರಡು ಮೀಟರ್ ನಲವತ್ತಕ್ಕೆ ಕತ್ತರಿಸಿ ಕೊಟ್ಟಿಗೆಗೆ ಹೊದೆಸಿಯಾಗಿತ್ತು. ತುಂಡುಗಳು ಒಲೆ ಸೇರಿದ್ದವು. ಎರಡು ನಲವತ್ತರ ಗಳು ಎರಡು ಎಪ್ಪತ್ತರ ಕೋಣೆಗೆ ಬಾಲವಿಲ್ಲದ ಗಾಳಿಪಟ. ಹೊಸ ಚಂದಲ್ ಹುಡುಕಿಕೊಂಡು ಎರಡು ದಿನ ಶುವೈಖಿನ ಮರದಂಗಡಿಗಳನ್ನೂ ಹಡಗುಕಟ್ಟೆಯನ್ನೂ ಸುತ್ತಿದೆ. ಸಿಕ್ಕಿದ್ದೆಲ್ಲ ಮಣಿಕಟ್ಟಿನಷ್ಟು ದಪ್ಪದ, ಡೊಂಕು ಗಳುಗಳು. ಅಷ್ಟು ಮಣ್ಣಿನ ಭಾರಕ್ಕೆ ಅವು ಬಾಗುತ್ತವೆ ಎಂದು ಆಚಾರ್ರು ತಲೆಯಾಡಿಸಿದರು. ಲಾರಿಯ ಟಾರ್ಪಾಲನ್ನು ಗೋಡೆಗೆ ಹೊದೆಸಿ ಕಲ್ಲು ಹೇರಿದೆವು. ಗಾಳಿ ಅದನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ಫರ್ವಾನಿಯಾದ ನಮ್ಮ ಮನೆಯಲ್ಲಿ ಕಿಟಕಿಯ ಪರದೆ ಅಲುಗಿದರೂ ನನಗೆ ಅದೇ ಶಬ್ದ.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತವನು ಎರಡು ಸಲ ಎದ್ದು ಬಾಲ್ಕನಿಗೆ ಹೋಗಿ ಆಕಾಶ ನೋಡಿಬಂದೆ. ಸುಮತಿ ಸಾರಿನ ಸೌಟು ಹಿಡಿದು ಕಾಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, ಆ ಮುದುಕರು ಸ್ಪಷ್ಟವಾಗಿ ಹೇಳಬೇಕಿತ್ತು ಎಂದೆ.

“ಮೂರು ದಿನ ಅವರು ಹೇಳಿದ್ದು ಎಂತ? ಮನೆಯ ಕಥೆಯೇ ಅಲ್ಲವಾ?” ಎಂದಳು. “ನಿಮಗೆ ಯಾರು ಸುಮ್ಮನಾದರೂ ಒಪ್ಪಿದ ಹಾಗೆ ಕೇಳ್ತದೆ. ನನ್ನ ಮಾತನ್ನೂ ಹಾಗೆಯೇ ಎಷ್ಟು ಸಲ ಖಲಾಸ್ ಮಾಡಿದ್ದೀರಿ ಅಂತ ಒಮ್ಮೆ ಲೆಕ್ಕ ಹಾಕಿ.” ಎಂದವಳೇ ಸಾರು ಬಡಿಸಿ ಒಳಗೆ ಹೋದಳು. ಆ ಲೆಕ್ಕವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಊಟ ಮುಗಿಸಿ ತೋಟಕ್ಕೇ ಹೋದೆ. ರಜೆಯ ದಿನವಾದರೂ ಆಚಾರ್ರು ನನ್ನ ಜೊತೆ ಬಂದರು. ಜಗಲಿಯಲ್ಲಿ ಹಿಂದೆ ಮುಂದೆ ನಡೆದರು, ಟೇಪು ಹಿಡಿದರು, ಹೊರಗೆ ಹೋಗಿ ಹಲ್ಲಿನ ಸಾಲಿನ ಕೆಳಗೆ ನಿಂತರು. ಕೊನೆಗೆ ಕರೆದರು.

“ಕಾಂಟ್ರಾಕ್ಟರ್ರೇ, ಎಂತ ಊರೆಲ್ಲ ಸುತ್ತುವುದು? ಮರ ನಮ್ಮ ತಲೆ ಮೇಲೆಯೇ ಉಂಟು.”

ವಿಷಯ ಸರಳ. ಜಗಲಿಯ ಗಳುಗಳೂ ಅದೇ ಮೂರು ಮೂವತ್ತರವು, ಅದೇ ಕಾಲದವು. ಜಗಲಿಗೆ ಬೇಕಾದದ್ದು ಎರಡು ಮೀಟರ್ ಅಗಲ, ಜೊತೆಗೆ ಗೋಡೆಯಲ್ಲೂ ಕಂಬಗಳ ಮೇಲಿನ ತೊಲೆಯಲ್ಲೂ ಕೂರಲು ಇಪ್ಪತ್ತು ಇಪ್ಪತ್ತು ಸೆಂಟಿಮೀಟರ್. ಅಂದರೆ ಮುರಾದ್ ಕತ್ತರಿಸಿದ ಎರಡು ನಲವತ್ತು ಅಲ್ಲಿಗೆ ಸರಿಯಾಗಿ ಸಾಲುತ್ತದೆ. ಜಗಲಿಯಿಂದ ಎಂಟು ಇಡೀ ಗಳು ತೆಗೆದು ಕೋಣೆಗೆ, ಕೊಟ್ಟಿಗೆಯ ಎಂಟು ಮೋಟು ಗಳು ಜಗಲಿಗೆ. ನಷ್ಟ ಒಂದೇ, ಮುಖದ ನಲವತ್ತು ಹಲ್ಲಿನಲ್ಲಿ ಎಂಟು ಇರುವುದಿಲ್ಲ.

ಇದನ್ನು ಹಜ್ಜಿಗೆ ಹೇಳಲು ನಾನು ಹೋದ ಹಾಗೆ ನನ್ನ ಜನ್ಮದಲ್ಲಿ ಯಾವ ಗಿರಾಕಿಯ ಎದುರಿಗೂ ಹೋಗಿಲ್ಲ. ಮೊದಲು ನಷ್ಟ ಹೇಳಿದೆ, ಆಮೇಲೆ ಉಪಾಯ ಹೇಳಿದೆ. ಹೇಳಿ ಬಾಯಿ ಮುಚ್ಚಿಕೊಂಡೆ. ಅವರು ಕಣ್ಣು ಮುಚ್ಚಿ ಕೂತರು. ನಾನು ಕಾದೆ. ಮುರಾದ್ ಎರಡು ಸಲ ಬಟ್ಟಲು ತುಂಬಿದ. ಕೊನೆಗೆ ಅವರು, ಯಾವ ಬದಿಯ ಎಂಟು ಎಂದು ಕೇಳಿದರು. ದಕ್ಷಿಣದ ಕೊನೆಯದು, ತೋಟದ ಬಾಗಿಲಿನಿಂದ ದೂರ ಎಂದೆ. ಹಾಗೇ ಮಾಡು ಎಂದರು. ನಾನು ಎದ್ದುಹೋಗಲಿಲ್ಲ. ಮಾಡಬೇಕಾದದ್ದು ಏನು ಎಂದು ಅವರ ಬಾಯಿಂದಲೇ ಇನ್ನೊಮ್ಮೆ ಕೇಳಿಸಿಕೊಂಡೆ.

ಮುಂದಿನ ಐದು ದಿನ ನಾನು ಕಾಂಟ್ರಾಕ್ಟರ್ ಅಲ್ಲ, ಮಣ್ಣು ಹೊರುವವನು. ಮೇಸ್ತ್ರಿ ಹಜ್ಜಿಯೇ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೋಲಿನಿಂದ ತೋರಿಸುತ್ತಿದ್ದರು. ಗಳುವಿನ ದಪ್ಪ ತುದಿ ಒಮ್ಮೆ ಈ ಗೋಡೆಗೆ, ಮುಂದಿನದು ಆ ಗೋಡೆಗೆ. ಹಾಗೆ ಇಟ್ಟರೆ ಭಾರ ಒಂದೇ ಕಡೆ ಬೀಳುವುದಿಲ್ಲ. ಮುರಾದನಿಗೆ ತನ್ನ ಊರಿನ ಮಣ್ಣಿನ ಮಾಡು ಗೊತ್ತಿತ್ತು, ಮಣ್ಣು ಹುಲ್ಲು ಕಲಸಿ ಎರಡು ದಿನ ಹುಳಿಯಲು ಬಿಟ್ಟ. ಗಳು ಕತ್ತರಿಸಿದ ಪಾಪಕ್ಕೆ ಎಂದು ತಾನೇ ತುಳಿದ. ಆಚಾರ್ರಿಗೆ ಅರಬ್ಬಿ ಬರುತ್ತಿರಲಿಲ್ಲ. ಕಾಫಿ ಬಗ್ಗಿಸಿದಾಗಲೆಲ್ಲ ಬಟ್ಟಲಿಗೆ ಕೈ ಅಡ್ಡ ಹಿಡಿದು “ಸಾಕು, ಸಾಕು” ಎನ್ನುತ್ತಿದ್ದರು. ಎರಡನೆಯ ದಿನ ಹಜ್ಜಿ ಅದರ ಅರ್ಥ ಕೇಳಿದರು. ಕಾಫಿ ಬೇಡ ಎಂದು ಅರ್ಥ, ಬೇರೇನೂ ಇಲ್ಲ ಎಂದೆ. ಅವರು ಆ ಶಬ್ದವನ್ನು ಬಾಯೊಳಗೆ ಎರಡು ಸಲ ತಿರುಗಿಸಿ ನೋಡಿ, ನನ್ನತ್ತ ಒಂದು ನೋಟ ಹಾಕಿದರು.

ಐದನೆಯ ದಿನ ಮಧ್ಯಾಹ್ನ ಕೊನೆಯ ಪದರ ಬಳಿದೆವು. ಅದು ಒಣಗಲು ಮೂರು ದಿನ ಬೇಕಿತ್ತು. ಆಕಾಶ ಎರಡು ದಿನ ಕೊಟ್ಟಿತು. ಮೂರನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಕೌಸ್ ನಿಂತಿತು, ಬೆಳಕು ಹಳದಿಯಾಯಿತು, ಮಳೆ ಬಂತು. ನಮ್ಮ ಆಷಾಢದ ಮಳೆಗೆ ಹೋಲಿಸಿದರೆ ಅದು ಮಳೆಯೇ ಅಲ್ಲ, ಅರ್ಧ ಗಂಟೆಯದು. ಆದರೆ ನಾನು ಅಷ್ಟು ಉದ್ದದ ಅರ್ಧ ಗಂಟೆ ಕಂಡಿಲ್ಲ. ಹಜ್ಜಿ, ನಾನು, ಆಚಾರ್ರು, ಮುರಾದ್ ದಕ್ಷಿಣದ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದೆವು. ಎಲ್ಲರ ಕತ್ತೂ ಮೇಲೆ. ಮಾಡಿನ ನೀರು ಹರಿದುಹೋಗಲು ಇಟ್ಟ ಮರದ ದೋಣಿಗಳಿಂದ ಹೊರಗೆ ನೀರು ಸುರಿಯುವ ಸದ್ದು ಶುರುವಾಯಿತು. ಮೂಲೆಯಲ್ಲಿ ಮಾಡಿನ ಚಾಪೆ ಒಂದಂಗುಲ ಕಪ್ಪಾಯಿತು. ಕಲೆ ಅಲ್ಲಿಗೇ ನಿಂತಿತು.

ಮುರಾದ್ ಕಾಫಿ ತಂದ. ಹಜ್ಜಿ ಎರಡು ಬಟ್ಟಲು ಕುಡಿದರು, ಮೂರನೆಯದಕ್ಕೆ ಬೆರಳಲ್ಲಿ ಬಟ್ಟಲು ಅಲ್ಲಾಡಿಸಿ, ನನ್ನನ್ನೇ ನೋಡುತ್ತ, “ಸಾಕು” ಎಂದರು. ಆಚಾರ್ರು ನಗು ತಡೆಯಲಾರದೆ ಗೋಡೆಗೆ ಮುಖ ತಿರುಗಿಸಿದರು.

ಆಮೇಲೆ ಮುದುಕರು ಬಟ್ಟಲು ಕೆಳಗಿಟ್ಟರು. ಎರಡೂ ಕೈ ಖಾಲಿ ಎಂದು ನನಗೆ ಕಾಣುವ ಹಾಗೆ ಎತ್ತಿದರು. ಒಂದು ಅಂಗೈಯನ್ನು ಗೋಡೆಗೆ ಒತ್ತಿ ಮಾಡಿನತ್ತ ನೋಡಿ, “ಖಲಾಸ್” ಎಂದರು.

ನಾನು ಕೂತಲ್ಲಿಂದ ಏಳಲಿಲ್ಲ. ಯಾವುದಕ್ಕೆ ಹಜ್ಜಿ ಎಂದು ಕೇಳಿದೆ.

“ಮಾಡಿಗೆ. ಈಗ ಕೈ ಕೊಡು.”

ಇಕಾಮಾ ಎರಡು ವರ್ಷಕ್ಕೆ ನವೀಕರಣವಾಯಿತು. ಅಬೂ ನಾಸರ್ ಟಿಕೆಟಿನ ಮಾತೇ ಎತ್ತಲಿಲ್ಲ. ಕೆಲಸ ಮುಗಿಸಿ ತೋಟದಿಂದ ಹೊರಡುವ ದಿನ ಆಚಾರ್ರಿಗೆ ಮಾತ್ರ ಆ ಎಂಟು ಖಾಲಿ ಜಾಗ ನೋಡಿ ಮನಸ್ಸು ತಡೆಯಲಿಲ್ಲ. ಬೇರೆ ಮರದ ತುಂಡು ತಂದು, ಮೊಳೆ ಹೊಡೆದು, ಎಣ್ಣೆ ಹಚ್ಚಿ ಕೂರಿಸುತ್ತೇನೆ, ದಾರಿಯಲ್ಲಿ ಹೋಗುವವರಿಗೆ ಗೊತ್ತೇ ಆಗುವುದಿಲ್ಲ ಎಂದರು. ನಾನು ಹಜ್ಜಿಗೆ ಅದನ್ನು ತಿಳಿಸಿದೆ. ಅವರು ಬಾಯಿಗೆ ಕೈ ಹಾಕಿ ತಮ್ಮ ಮೇಲಿನ ಹಲ್ಲಿನ ಸೆಟ್ಟನ್ನು ಅರ್ಧ ಹೊರಗೆಳೆದು ತೋರಿಸಿ ಮತ್ತೆ ಒಳಗೆ ಸೇರಿಸಿದರು.

“ಕಟ್ಟಿಸಿದ ಹಲ್ಲು ಈ ತೋಟದಲ್ಲಿ ಒಬ್ಬನಿಗೆ ಇದ್ದರೆ ಸಾಕು,” ಎಂದರು.

ಆ ‘ಸಾಕು’ವನ್ನು ಅವರು ಕನ್ನಡದಲ್ಲೇ ಹೇಳಿದರು. ಅದರ ಬಳಕೆ ಆಗಲೇ ಕಾಫಿಯಿಂದಾಚೆ ಹೋಗಿತ್ತು.

ಅದಾದ ಮೇಲೂ ನಾನು ಆ ದೇಶದಲ್ಲಿ ಏಳು ವರ್ಷ ಕೆಲಸ ಮಾಡಿದೆ. ಪ್ರತಿ ಸಲ ಜಹ್ರಾದ ದಾರಿಯಲ್ಲಿ ಹೋಗುವಾಗ ಕಾರು ನಿಧಾನ ಮಾಡುತ್ತಿದ್ದೆ. ಮೂವತ್ತೆರಡು ತುದಿಗಳು, ಆಮೇಲೆ ಬೋಳು. ಕಾಂಟ್ರಾಕ್ಟ್ ಕೆಲಸಕ್ಕೆ ಇಳಿಯುವ ಹುಡುಗರು ಈಗಲೂ ಕೆಲವೊಮ್ಮೆ ಸಲಹೆ ಕೇಳಿಕೊಂಡು ಬರುತ್ತಾರೆ. ಅವರಿಗೆ ನಾನು ಮೊದಲಿನ ಪಾಠ ಹೇಳುವುದನ್ನು ಬಿಟ್ಟಿದ್ದೇನೆ. ಗಿರಾಕಿ ಹೂಂ ಎಂದ ಕೂಡಲೇ ಎದ್ದು ಓಡಬೇಡಿ, ಯಾವುದಕ್ಕೆ ಹೂಂ ಎಂದಿರಿ ಎಂದು ಕೇಳಿ. ಕೇಳಿದರೆ ವ್ಯವಹಾರ ಮುರಿದೀತು ಎಂಬ ಹೆದರಿಕೆ ಇದ್ದರೆ, ಅದು ಇನ್ನೂ ಕುದುರಿಲ್ಲ ಎಂದೇ ತಿಳಿಯಿರಿ. ಮಾತಿನ ಜೊತೆ ಕೈ ಏನು ಮಾಡುತ್ತಿದೆ ಎಂದೂ ನೋಡಿ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಸುಮತಿ ಒಳಗಿನಿಂದ ಚಾ ತರುತ್ತಾಳೆ. ಇನ್ನೂ ಸ್ವಲ್ಪ ಬೇಕಾ ಎಂದು ಹುಡುಗರನ್ನು ಕೇಳುತ್ತಾಳೆ. ಅವರು ಸಾಕು ಎಂದರೆ, ಚಾ ಸಾಕೋ ಇವರ ಉಪದೇಶ ಸಾಕೋ ಎಂದು ಮತ್ತೊಮ್ಮೆ ಕೇಳುತ್ತಾಳೆ.